ನೀರಿನಲ್ಲಿ ಹೆರಿಗೆ: ಮೊದಲ ಬಸಿರಿನವರು ಏನೇನು ತಿಳಿದಿರಬೇಕು?

ಪ್ರಶ್ನೆ: ಹೇಮಾವತಿ ತೀರ

ಎಲ್ಲರಿಗೂ ನಮಸ್ಕಾರ. ನನಗೀಗ ಏಳನೆಯ ತಿಂಗಳು ನಡೆಯುತ್ತಿದೆ, ಇದು ಮೊದಲ ಬಸಿರು. ಹೆರಿಗೆ ಬೆಂಗಳೂರಿನಲ್ಲಿಯೇ ಆಗಲಿ, ಬಾಣಂತನಕ್ಕೆ ಸಕಲೇಶಪುರದ ತವರಿಗೆ ಹೋದರಾಯಿತು ಎಂದು ಮನೆಯಲ್ಲಿ ನಿಶ್ಚಯಿಸಿದ್ದೇವೆ. ಇದುವರೆಗಿನ ತಪಾಸಣೆಗಳಲ್ಲಿ ರಕ್ತದೊತ್ತಡ, ಸಕ್ಕರೆಯ ಪ್ರಮಾಣ, ಮಗುವಿನ ಬೆಳವಣಿಗೆ ಎಲ್ಲವೂ ಸರಿಯಾಗಿವೆ.

ಕಳೆದ ಕೆಲವು ವಾರಗಳಿಂದ ನೀರಿನಲ್ಲಿ ಹೆರಿಗೆ ಮಾಡಿಸಿಕೊಳ್ಳುವ ಪದ್ಧತಿಯ ಬಗ್ಗೆ ಓದುತ್ತಿದ್ದೇನೆ. ಬೆಚ್ಚಗಿನ ನೀರು ನೋವನ್ನು ತಗ್ಗಿಸುತ್ತದೆ, ಮಗು ಗಾಬರಿಯಿಲ್ಲದೆ ಹುಟ್ಟುತ್ತದೆ ಎಂದು ಒಂದೆಡೆ ಬರೆದಿದ್ದರೆ, ಇನ್ನೊಂದೆಡೆ ಮಗು ನೀರು ಕುಡಿದು ಅಪಾಯಕ್ಕೆ ಒಳಗಾಗಬಹುದು ಎಂಬ ಎಚ್ಚರಿಕೆಯಿದೆ. ನನ್ನ ವೈದ್ಯರನ್ನು ಕೇಳಿದಾಗ "ಸಮಯ ಬಂದಾಗ ನೋಡೋಣ" ಎಂದರು. ಅಮ್ಮನಿಗಂತೂ ಈ ಮಾತನ್ನು ಎತ್ತಿದರೆ ಭಯವಾಗುತ್ತದೆ. ಮಗುವಿಗೆ ನೀರಿನಲ್ಲಿ ಉಸಿರುಗಟ್ಟುವುದಿಲ್ಲವೇ? ಯಾರಿಗೆ ಇದು ಒಗ್ಗುತ್ತದೆ, ಯಾರಿಗೆ ಒಗ್ಗುವುದಿಲ್ಲ? ತೊಟ್ಟಿಯ ಸೌಲಭ್ಯವಿಲ್ಲದ ಆಸ್ಪತ್ರೆಯಲ್ಲಿ ಹೆರಿಗೆಯಾದರೆ "ಸೌಮ್ಯ ಹೆರಿಗೆ" ಎನ್ನುವುದು ಸಾಧ್ಯವೇ ಇಲ್ಲವೇ? ಪರಿಚಿತರೊಬ್ಬರು ಮನೆಗೇ ಬಂದು ಗಾಳಿ ತುಂಬುವ ತೊಟ್ಟಿಯನ್ನು ಇಟ್ಟು ಹೆರಿಗೆ ಮಾಡಿಸುವವರೊಬ್ಬರ ವಿಳಾಸವನ್ನೂ ಕೊಟ್ಟಿದ್ದಾರೆ. ಅವರು ಕೆಲವು ದಿನಗಳ ತರಬೇತಿ ಪಡೆದವರಂತೆ. ಅನುಭವವಿರುವವರು ದಯವಿಟ್ಟು ವಿವರವಾಗಿ ತಿಳಿಸಬೇಕೆಂದು ಕೋರುತ್ತೇನೆ.

ಉತ್ತರ: ಪ್ರಸೂತಿ ವೈದ್ಯೆ, ಮೈಸೂರು

ನಿಮ್ಮ ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ಅದರಲ್ಲಿ ಎರಡು ಮಾತಿಗೆ ಅವಕಾಶವಿಲ್ಲ. ಕೆಲವು ದಿನಗಳ ತರಬೇತಿ ಪಡೆದವರ ಭರವಸೆಯ ಮೇಲೆ ಮನೆಯಲ್ಲಿ ತೊಟ್ಟಿ ಇಟ್ಟುಕೊಂಡು ಹೆರಿಗೆಗೆ ಸಿದ್ಧರಾಗಬೇಡಿ. ಹೆರಿಗೆಯ ನಂತರ ಗರ್ಭಕೋಶ ಕುಗ್ಗದೆ ರಕ್ತಸ್ರಾವ ಆರಂಭವಾದರೆ ನಮ್ಮ ಕೈಯಲ್ಲಿರುವುದು ನಿಮಿಷಗಳು ಮಾತ್ರ. ಹುಟ್ಟಿದ ಮಗು ತಾನಾಗಿ ಉಸಿರಾಡದಿದ್ದರೆ ಮೊದಲ ಒಂದು ನಿಮಿಷದೊಳಗೆ ಮುಖವಾಡದ ಮೂಲಕ ಗಾಳಿ ಊದಬಲ್ಲ ಕೈ ಅಲ್ಲಿರಬೇಕು. ಬೆಂಗಳೂರಿನ ಸಂಚಾರದಲ್ಲಿ ಆಂಬ್ಯುಲೆನ್ಸ್ ಬಂದು ಆಸ್ಪತ್ರೆ ತಲುಪಿಸುವಷ್ಟು ಹೊತ್ತು ಆ ಎರಡೂ ಕಾಯುವುದಿಲ್ಲ.

ಇನ್ನು ನೀರಿನ ವಿಷಯ. ಇದರಲ್ಲಿ ಎರಡು ಬೇರೆ ಬೇರೆ ಸಂಗತಿಗಳು ಬೆರೆತುಹೋಗಿವೆ. ಬೇನೆ ತಿನ್ನುವಾಗ, ಅಂದರೆ ಗರ್ಭಕೋಶದ ಬಾಯಿ ತೆರೆಯುತ್ತಿರುವ ಮೊದಲ ಹಂತದಲ್ಲಿ, ಬೆಚ್ಚಗಿನ ನೀರಿನಲ್ಲಿ ಕುಳಿತಿರುವುದು ಒಂದು. ಮಗು ನೀರಿನೊಳಗೇ ಹೊರಬರುವುದು ಇನ್ನೊಂದು. ಮೊದಲನೆಯದಕ್ಕೆ ಒಳ್ಳೆಯ ಆಧಾರವಿದೆ. ಕಾಕ್ರೇನ್ ಎಂಬ ಸಂಶೋಧಕರ ಜಾಲದ 2018ರ ಪರಾಮರ್ಶೆಯು 15 ಪ್ರಯೋಗಗಳನ್ನು, ಒಟ್ಟು 3,663 ಮಹಿಳೆಯರ ವಿವರಗಳನ್ನು ಒಟ್ಟುಗೂಡಿಸಿ ನೋಡಿತು. ನೀರಿನಲ್ಲಿ ಬೇನೆ ಕಳೆದವರಲ್ಲಿ, ಬೆನ್ನಿಗೆ ಕೊಡುವ ಎಪಿಡ್ಯೂರಲ್‌ನಂತಹ ನೋವು ನಿವಾರಣೆಯನ್ನು ಬೇಡಿದವರ ಪ್ರಮಾಣ 100ಕ್ಕೆ 43ರಿಂದ 39ಕ್ಕೆ ಇಳಿದಿತ್ತು. ಸಿಸೇರಿಯನ್‌ನ ಪ್ರಮಾಣದಲ್ಲಿ ಹೇಳಿಕೊಳ್ಳುವಂತಹ ವ್ಯತ್ಯಾಸವಿರಲಿಲ್ಲ. ಮಗುವಿಗೆ ಹೆಚ್ಚಿನ ಹಾನಿಯಾದದ್ದಕ್ಕೂ ಪುರಾವೆ ಸಿಗಲಿಲ್ಲ. ಲಾಭ ನಿಜವಾದುದು, ಆದರೆ ದೊಡ್ಡದಲ್ಲ ಎಂಬುದನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದೆ ನಿರಾಶೆಯಾಗುವುದಿಲ್ಲ.

ಎರಡನೆಯದರ ವಿಷಯದಲ್ಲಿ ವೈದ್ಯಸಂಸ್ಥೆಗಳ ನಡುವೆಯೇ ಅಭಿಪ್ರಾಯ ಒಂದಾಗಿಲ್ಲ. ಅಮೆರಿಕದ ಪ್ರಸೂತಿ ತಜ್ಞರ ಕಾಲೇಜು 2016ರಲ್ಲಿ ನೀಡಿದ ಅಭಿಪ್ರಾಯದಂತೆ, 37 ವಾರ ತುಂಬಿದ, ತೊಡಕಿಲ್ಲದ ಬಸುರಿಯರಿಗೆ ಮೊದಲ ಹಂತದಲ್ಲಿ ನೀರಿನ ಅವಕಾಶ ಕೊಡಬಹುದು, ಹೆರಿಗೆ ಮಾತ್ರ ನೀರಿನ ಹೊರಗೆ ಆಗಲಿ. ಬ್ರಿಟನ್ನಿನಲ್ಲಿ ಎರಡೂ ಬಹುಕಾಲದಿಂದ ರೂಢಿಯಲ್ಲಿವೆ. ಅಲ್ಲಿನ 26 ಸರ್ಕಾರಿ ಆರೋಗ್ಯ ಸೇವಾ ಕೇಂದ್ರಗಳ ದಾಖಲೆಗಳನ್ನು ಆಧರಿಸಿ 2024ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವು, ತೊಡಕಿಲ್ಲದ ಬಸಿರಿನಲ್ಲಿ ನೀರಿನೊಳಗೆ ಹೆತ್ತವರಿಗೆ ಯೋನಿದ್ವಾರ ತೀವ್ರವಾಗಿ ಹರಿಯುವುದಾಗಲಿ, ಮಕ್ಕಳಿಗೆ ತೊಂದರೆಯಾಗಲಿ ಹೆಚ್ಚಾಗಿರಲಿಲ್ಲ ಎಂದು ಹೇಳಿದೆ. ಒಂದು ಸಂಗತಿ ಮಾತ್ರ ಹೆಚ್ಚಾಗಿತ್ತು. ಹೊಕ್ಕುಳಬಳ್ಳಿ ಹರಿಯುವ ಪ್ರಮಾಣ ಹೊರಗಿನ ಹೆರಿಗೆಗಳಲ್ಲಿ ಸಾವಿರಕ್ಕೆ ಸುಮಾರು 3 ಇದ್ದರೆ, ನೀರಿನೊಳಗಿನ ಹೆರಿಗೆಗಳಲ್ಲಿ ಸುಮಾರು 10 ಇತ್ತು. ಮಗುವನ್ನು ಮೇಲಕ್ಕೆತ್ತುವಾಗ ಬಳ್ಳಿ ಗಿಡ್ಡವಾಗಿದ್ದರೆ ಜಗ್ಗುತ್ತದೆ. ನುರಿತವರು ಅದನ್ನು ತಕ್ಷಣ ಗುರುತಿಸಿ ಬಿಗಿದು ಹಿಡಿಯುತ್ತಾರೆ, ನುರಿಯದವರ ಕೈಯಲ್ಲಿ ಮಗು ರಕ್ತ ಕಳೆದುಕೊಳ್ಳುತ್ತದೆ.

ಉಸಿರಿನ ಬಗ್ಗೆ ಕೇಳಿದಿರಿ. ಗರ್ಭದಲ್ಲಿರುವ ಮಗುವಿನ ಶ್ವಾಸಕೋಶಗಳಲ್ಲಿ ಹೇಗಿದ್ದರೂ ದ್ರವ ತುಂಬಿರುತ್ತದೆ, ಆಮ್ಲಜನಕ ಬಳ್ಳಿಯ ಮೂಲಕ ಬರುತ್ತಿರುತ್ತದೆ. ಹೊರಗಿನ ಗಾಳಿ, ತಂಪು, ಸ್ಪರ್ಶ ಇವು ಮೊದಲ ಉಸಿರಿಗೆ ಪ್ರೇರಣೆ ನೀಡುತ್ತವೆ. ಆದ್ದರಿಂದ ಆರೋಗ್ಯವಂತ ಮಗು ಮೈಬೆಚ್ಚಗಿನ ನೀರಿನಲ್ಲಿ ಕೆಲವು ಕ್ಷಣ ಇದ್ದರೂ ಸಾಮಾನ್ಯವಾಗಿ ಉಸಿರೆಳೆಯುವುದಿಲ್ಲ. ಆದರೆ ಬೇನೆಯ ವೇಳೆಯಲ್ಲೇ ಆಮ್ಲಜನಕದ ಕೊರತೆಯಿಂದ ಬಳಲಿದ ಮಗು ನೀರಿನೊಳಗೇ ಏದುಸಿರು ಎಳೆಯಬಹುದು, ಅಪಾಯವಿರುವುದು ಅಲ್ಲಿ. ಅದಕ್ಕಾಗಿಯೇ ನೀರಿನಲ್ಲಿ ಬಳಸಬಹುದಾದ, ಎದೆಬಡಿತ ಕೇಳಿಸುವ ಸಾಧನವಾದ ಡಾಪ್ಲರ್‌ನಿಂದ ಮೊದಲ ಹಂತದಲ್ಲಿ 15 ನಿಮಿಷಕ್ಕೊಮ್ಮೆ, ಮಗುವನ್ನು ಹೊರದೂಡಲು ಮುಕ್ಕುವ ಹಂತದಲ್ಲಿ 5 ನಿಮಿಷಕ್ಕೊಮ್ಮೆ, ಬೇನೆ ಇಳಿದ ಕೂಡಲೇ ಪೂರ್ತಿ ಒಂದು ನಿಮಿಷ ಮಗುವಿನ ಎದೆಬಡಿತವನ್ನು ಆಲಿಸಬೇಕು. ಬಡಿತದಲ್ಲಿ ಏರುಪೇರು ಕಂಡರೆ ತಾಯಿ ನೀರಿನಿಂದ ಹೊರಬರಲೇಬೇಕು. ಮಗು ಹುಟ್ಟಿದ ಕೂಡಲೇ ಅದರ ಮುಖ ನೀರಿನ ಮೇಲಕ್ಕೆ ಬರಬೇಕು, ಮತ್ತೆ ಮುಳುಗಬಾರದು. ತಲೆ ಒಮ್ಮೆ ನೀರಿನ ಹೊರಗೆ ಗಾಳಿಗೆ ಸೋಕಿದ್ದರೆ ಉಳಿದ ಹೆರಿಗೆಯೂ ಹೊರಗೇ ಆಗಬೇಕು.

ಅವಳಿ ಮಕ್ಕಳು, ಕಾಲು ಅಥವಾ ಪೃಷ್ಠ ಮುಂದಾಗಿರುವ ಮಗು, 37 ವಾರ ತುಂಬದ ಬಸಿರು, ಬಸಿರಿನ ರಕ್ತದೊತ್ತಡ, ಇನ್ಸುಲಿನ್ ಬೇಕಾಗಿರುವ ಸಕ್ಕರೆ, ಜ್ವರ, ರಕ್ತಸ್ರಾವ, ನೀರೊಡೆದಾಗ ಮಗುವಿನ ಮಲ ಬೆರೆತ ಹಸಿರು ಬಣ್ಣ, ಇವುಗಳಲ್ಲಿ ಯಾವುದಿದ್ದರೂ ನಾನು ತೊಟ್ಟಿಯ ಮಾತನ್ನು ಒಪ್ಪುವುದಿಲ್ಲ. ಹಿಂದೆ ಸಿಸೇರಿಯನ್ ಆಗಿರುವವರಿಗೂ ನಮ್ಮ ಪರಿಸ್ಥಿತಿಯಲ್ಲಿ ಬೇಡವೆಂದೇ ಹೇಳುತ್ತೇನೆ. ನೋವಿಗೆ ಪೆಥಿಡಿನ್‌ನಂತಹ ಚುಚ್ಚುಮದ್ದು ಕೊಟ್ಟಿದ್ದರೆ ಮುಂದಿನ ಎರಡು ಗಂಟೆ ನೀರಿಗಿಳಿಯುವಂತಿಲ್ಲ.

ನೀರಿನ ಮೂಲವನ್ನು ಯಾರೂ ಕೇಳುವುದಿಲ್ಲ, ಆದರೆ ಬೆಂಗಳೂರಿನವರು ಮೊದಲು ಕೇಳಬೇಕಾದದ್ದು ಅದನ್ನೇ. ದಿನಗಟ್ಟಲೆ ತುಂಬಿಸಿಟ್ಟು ಬೆಚ್ಚಗೆ ಕಾಯಿಸಿಟ್ಟ ತೊಟ್ಟಿಯಲ್ಲಿ ಲೀಜನೆಲ್ಲಾ ಎಂಬ ಬ್ಯಾಕ್ಟೀರಿಯಾ ಬೆಳೆಯುತ್ತದೆ. ಇಂಗ್ಲೆಂಡಿನಲ್ಲಿ 2014ರಲ್ಲಿ ಮನೆಯ ಇಂತಹ ತೊಟ್ಟಿಯಲ್ಲಿ ಹುಟ್ಟಿದ ಮಗುವೊಂದಕ್ಕೆ ಅದರಿಂದ ನ್ಯುಮೋನಿಯಾ ಬಂದ ಮೇಲೆ, ಮುಂಚಿತವಾಗಿ ತುಂಬಿಸಿ ಕಾಯಿಸಿಡುವ ತೊಟ್ಟಿಗಳನ್ನು ಮನೆಯಲ್ಲಿ ಬಳಸಬಾರದೆಂದು ಅಲ್ಲಿನ ಸಾರ್ವಜನಿಕ ಆರೋಗ್ಯ ಇಲಾಖೆ ಎಚ್ಚರಿಸಿತು. ಟ್ಯಾಂಕರ್‌ನಿಂದ ಬಂದು ಸಂಪಿನಲ್ಲಿ ನಿಂತು, ಮಹಡಿಯ ತೊಟ್ಟಿಗೆ ಏರಿ ಇಳಿಯುವ ನೀರಿನ ವಿಷಯದಲ್ಲಿ ಈ ಎಚ್ಚರಿಕೆ ಇನ್ನೂ ಹೆಚ್ಚು ಅನ್ವಯಿಸುತ್ತದೆ. ಆಸ್ಪತ್ರೆಯು ನೀರನ್ನು ಎಷ್ಟು ದಿನಕ್ಕೊಮ್ಮೆ ಪರೀಕ್ಷೆಗೆ ಕಳುಹಿಸುತ್ತದೆ ಎಂದು ಕೇಳಿ. ಉತ್ತರ ತಡವರಿಸಿದರೆ ಅದೇ ನಿಮಗೆ ಉತ್ತರ.

ಉತ್ತರ: ಕಡಲಾಚೆಯ ಮಿಡ್‌ವೈಫ್

ನಾನು ದಾವಣಗೆರೆಯ ಕಡೆಯವಳು, ಇಂಗ್ಲೆಂಡಿನ ಸರ್ಕಾರಿ ಆಸ್ಪತ್ರೆಯೊಂದರ ಹೆರಿಗೆ ವಿಭಾಗದಲ್ಲಿ ತರಬೇತಿ ಪಡೆದ ಸೂಲಗಿತ್ತಿ, ಅಂದರೆ ಮಿಡ್‌ವೈಫ್ ಆಗಿದ್ದೇನೆ. ಡಾಕ್ಟರಮ್ಮನವರು ಹೇಳಿದ ಎಚ್ಚರಿಕೆಗಳೆಲ್ಲ ನಮ್ಮಲ್ಲಿಯೂ ನಿಯಮವೇ ಆಗಿವೆ. ಆ ಕೋಣೆಯೊಳಗೆ ನಿಜವಾಗಿ ಏನು ನಡೆಯುತ್ತದೆ ಎಂಬುದನ್ನು ನಾನು ಸೇರಿಸುತ್ತೇನೆ.

ನಮ್ಮಲ್ಲಿ ತೊಟ್ಟಿಯನ್ನು ಬೇನೆ ಬಲಿತ ಮೇಲೆ ತುಂಬಿಸುತ್ತೇವೆ. ತಾಯಿ ಕುಳಿತಾಗ ಹೊಟ್ಟೆ ಪೂರ್ತಿ ಮುಳುಗಿ ನೀರು ಎದೆಯವರೆಗೆ ಬರಬೇಕು. ಅಷ್ಟು ಆಳವಿದ್ದರೆ ಮಾತ್ರ ಮೈ ಹಗುರವಾಗಿ, ಮಂಡಿಯೂರಲು, ಮುಂದಕ್ಕೆ ಬಾಗಲು, ಮಗ್ಗುಲು ಬದಲಿಸಲು ಸಲೀಸಾಗುತ್ತದೆ. ತುಂಬು ಬಸುರಿಗೆ ಮಂಚದ ಮೇಲೆ ಮಗ್ಗುಲಾಗುವುದೇ ಪ್ರಯಾಸದ ಕೆಲಸ, ನೀರಿನಲ್ಲಿ ಅದು ತಾನಾಗಿ ಆಗುತ್ತದೆ. ನನ್ನ ದೃಷ್ಟಿಯಲ್ಲಿ ನೀರಿನ ದೊಡ್ಡ ಉಪಕಾರ ಇದು. ನೀರಿನ ಉಷ್ಣತೆ 37.5 ಡಿಗ್ರಿ ಸೆಲ್ಸಿಯಸ್ ಮೀರಬಾರದು, ಏಕೆಂದರೆ ತಾಯಿಯ ಮೈ ಕಾದರೆ ಮಗುವಿನ ಮೈಯೂ ಕಾಯುತ್ತದೆ, ಎದೆಬಡಿತ ಏರುತ್ತದೆ. ತಾಯಿಯ ಮೈ ಮತ್ತು ನೀರು ಎರಡರ ಉಷ್ಣತೆಯನ್ನೂ ಗಂಟೆಗೊಮ್ಮೆ ಬರೆದಿಡುತ್ತೇವೆ. ಕುಡಿಯಲು ನೀರನ್ನು ಆಗಾಗ ಕೊಡುತ್ತಿರುತ್ತೇವೆ. ತಾಯಿ ತಲೆ ಸುತ್ತಿ ಬಿದ್ದರೆ ಎತ್ತಿ ಹೊರತರಲು ಬಲೆಯಂತಹ ಸಾಧನ ಗೋಡೆಗೆ ತೂಗಿರುತ್ತದೆ, ಅದನ್ನು ಬಳಸುವ ಅಭ್ಯಾಸವನ್ನು ಸಿಬ್ಬಂದಿ ಆಗಾಗ ಮಾಡುತ್ತಿರುತ್ತಾರೆ. ನೀವು ನೋಡುವ ಆಸ್ಪತ್ರೆಯಲ್ಲಿ ಇದನ್ನು ಕೇಳಿ.

ಈ ಪದ್ಧತಿಯ ಇತಿಹಾಸ ನಿಮ್ಮ ಪ್ರಶ್ನೆಗೆ ನೇರವಾಗಿ ಸಂಬಂಧಿಸಿದೆ. ಫ್ರಾನ್ಸಿನ ಪಿತಿವಿಯೆ ಎಂಬ ಸಣ್ಣ ಊರಿನ ಸರ್ಕಾರಿ ಆಸ್ಪತ್ರೆಯಲ್ಲಿ ಶಸ್ತ್ರವೈದ್ಯ ಮಿಶೆಲ್ ಓದಾಂ ಅವರು 1970ರ ದಶಕದಲ್ಲಿ ತೊಟ್ಟಿಯನ್ನು ತರಿಸಿದ್ದು ಮಗು ನೀರಿನಲ್ಲಿ ಹುಟ್ಟಲಿ ಎಂದಲ್ಲ. ದೀರ್ಘ ಬೇನೆಯಿಂದ ಬಳಲಿದವರಿಗೆ, ಬೆನ್ನು ನೋವಿನಿಂದ ಕಂಗೆಟ್ಟವರಿಗೆ ಚುಚ್ಚುಮದ್ದಿಲ್ಲದೆ ಸ್ವಲ್ಪ ಸಮಾಧಾನ ಸಿಗಲಿ ಎಂಬುದು ಉದ್ದೇಶವಾಗಿತ್ತು. ಕೆಲವರು ಹೊರಬರಲು ಮನಸ್ಸು ಮಾಡಲಿಲ್ಲ, ಅಥವಾ ಹೊರಬರುವಷ್ಟು ಸಮಯ ಇರಲಿಲ್ಲ. ಮಕ್ಕಳು ನೀರಿನಲ್ಲೇ ಹುಟ್ಟಿದವು. ಅಂತಹ ನೂರು ಹೆರಿಗೆಗಳ ವರದಿಯನ್ನು ಅವರು 1983ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟಿಸಿದರು. ಅವರಿಗಿಂತ ಮೊದಲೇ, 1974ರಲ್ಲಿ, ಫ್ರಾನ್ಸಿನ ಇನ್ನೊಬ್ಬ ವೈದ್ಯ ಫ್ರೆಡರಿಕ್ ಲಬ್ವಾಯೆ ಅವರು ಮಂದ ಬೆಳಕು, ಮೆಲುದನಿ, ಹುಟ್ಟಿದ ಮಗುವನ್ನು ತಾಯಿಯ ಹೊಟ್ಟೆಯ ಮೇಲೆ ಮಲಗಿಸುವುದು, ಬಳ್ಳಿಯನ್ನು ಅವಸರದಿಂದ ಕತ್ತರಿಸದಿರುವುದು ಇವುಗಳ ಪರವಾಗಿ ವಾದಿಸಿದ್ದರು. ಲಬ್ವಾಯೆ ಹೇಳಿದ ಬೆಚ್ಚಗಿನ ಸ್ನಾನ ಮಗು ಹುಟ್ಟಿದ ನಂತರದ್ದು. ಅನೇಕ ಬರಹಗಳಲ್ಲಿ ಇವೆರಡನ್ನೂ ಒಂದೇ ಎಂಬಂತೆ ಬೆರೆಸುತ್ತಾರೆ. ಬ್ರಿಟನ್ನಿನ ಸಂಸತ್ತಿನ ಆರೋಗ್ಯ ಸಮಿತಿ 1992ರಲ್ಲಿ, ಸಾಧ್ಯವಾದೆಡೆಯೆಲ್ಲ ಮಹಿಳೆಯರಿಗೆ ತೊಟ್ಟಿಯ ಆಯ್ಕೆ ಇರಲಿ ಎಂದು ಹೇಳಿದ ಮೇಲೆ ಇಲ್ಲಿ ಅದು ಸಾಮಾನ್ಯ ಸೌಲಭ್ಯವಾಯಿತು.

ಸೌಮ್ಯತೆ ಇರುವುದು ಕೋಣೆಯೊಳಗಿನ ಜನರ ನಡವಳಿಕೆಯಲ್ಲಿ. ತಾಯಿಯನ್ನು ಹೆದರಿಸಿದರೆ, ಅವಸರಪಡಿಸಿದರೆ, ಅಪರಿಚಿತರು ಬಂದು ಹೋಗುತ್ತಿದ್ದರೆ ಭಯದ ಹಾರ್ಮೋನಾದ ಅಡ್ರಿನಲಿನ್ ಏರುತ್ತದೆ, ಬೇನೆಯನ್ನು ನಡೆಸುವ ಹಾರ್ಮೋನಾದ ಆಕ್ಸಿಟೋಸಿನ್ ಹಿಂಜರಿಯುತ್ತದೆ. ನೀರು ಕೆಲಸ ಮಾಡುವುದರಲ್ಲಿ ಒಂದು ಪಾಲು ಇದೇ ಎಂದು ನನಗೆ ಅನ್ನಿಸುತ್ತದೆ: ತೊಟ್ಟಿಯೊಳಗಿರುವವಳನ್ನು ಯಾರೂ ಪದೇ ಪದೇ ಮುಟ್ಟಿ ನೋಡಲಾರರು. ಮುಕ್ಕುವಾಗ ನಾನು ಕೈ ಹಾಕುವುದಿಲ್ಲ, ಕೂಗಿ ಲೆಕ್ಕ ಎಣಿಸುವುದಿಲ್ಲ. ಮಗು ಬಂದಾಗ ಬಹಳಷ್ಟು ಬಾರಿ ತಾಯಿಯೇ ಅದನ್ನು ಎತ್ತಿ ಎದೆಗಿಟ್ಟುಕೊಳ್ಳುತ್ತಾಳೆ. ಕಸ (ಮಾಸು) ಬೀಳುವ ಮುನ್ನ ಸಾಮಾನ್ಯವಾಗಿ ಹೊರಬರಲು ಹೇಳುತ್ತೇವೆ, ನೀರಿನಲ್ಲಿ ಎಷ್ಟು ರಕ್ತ ಹೋಯಿತೆಂದು ಅಂದಾಜಿಸುವುದು ಕಷ್ಟ.

ಉತ್ತರ: ತುಂಗೆಯ ಮಗಳು

ತಂಗೀ, ನನ್ನ ಹೆರಿಗೆಯಾದದ್ದು ಶಿವಮೊಗ್ಗದ ಒಂದು ಸಾಮಾನ್ಯ ಆಸ್ಪತ್ರೆಯಲ್ಲಿ. ಅಲ್ಲಿ ತೊಟ್ಟಿ ಇರಲಿಲ್ಲ, ಆದರೂ ನನ್ನದು ಸೌಮ್ಯ ಹೆರಿಗೆಯೇ ಎಂದು ಪೂರ್ಣ ಮನಸ್ಸಿನಿಂದ ಹೇಳುತ್ತೇನೆ. ಬೇನೆ ಬಲಿಯುವವರೆಗೆ ನನ್ನನ್ನು ಮಂಚಕ್ಕೆ ಕಟ್ಟಿಹಾಕಲಿಲ್ಲ, ಓಡಾಡಿಕೊಂಡಿರಲು ಬಿಟ್ಟರು. ಬಚ್ಚಲಿನಲ್ಲಿ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕುಳಿತು, ಅಕ್ಕನ ಕೈಯಿಂದ ಸೊಂಟಕ್ಕೆ ಬಿಸಿನೀರು ಹೊಯ್ಯಿಸಿಕೊಂಡೆ. ಬೇನೆ ಬಂದವಳಿಗೆ ಬೆನ್ನಿಗೆ ಬಿಸಿನೀರು ಹೊಯ್ಯುವುದು ನಮ್ಮಜ್ಜಿಯೂ ಮಾಡುತ್ತಿದ್ದ ಕೆಲಸ. ಸುಳ್ಳು ಬೇನೆಯಾದರೆ ಅದರಿಂದ ಇಳಿಯುತ್ತದೆ, ನಿಜವಾದ ಬೇನೆಯಾದರೆ ನಿಲ್ಲುವುದಿಲ್ಲ ಎನ್ನುತ್ತಿದ್ದರು. ಮಗು ಹುಟ್ಟುವಾಗಲೂ ಮಲಗಿಸದೆ ಅರೆಕುಳಿತ ಭಂಗಿಯಲ್ಲಿ ಇರಿಸಿದರು, ದಾರಿ ಅಗಲಿಸಲೆಂದು ಯೋನಿದ್ವಾರವನ್ನು ಕೊಯ್ಯಲಿಲ್ಲ. ಸಣ್ಣ ಹರಿತಕ್ಕೆ ಎರಡು ಹೊಲಿಗೆ ಬಿದ್ದವು. ಬಳ್ಳಿಯ ಮಿಡಿತ ನಿಲ್ಲುವವರೆಗೆ ಕಾದು, ಮಗುವನ್ನು ಒರೆಸಿ ನನ್ನ ಬರಿಯ ಎದೆಯ ಮೇಲೆ ಮಲಗಿಸಿ ಹೊದಿಸಿದರು.

ಆಮೇಲೆ ತಿಳಿದದ್ದೇನೆಂದರೆ ಇದಾವುದೂ ಅವರು ನನಗೆ ತೋರಿದ ವಿಶೇಷ ದಯೆಯಾಗಿರಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯು 2018ರಲ್ಲಿ ಹೆರಿಗೆಯ ಆರೈಕೆಗಾಗಿ ಕೊಟ್ಟ 56 ಶಿಫಾರಸುಗಳಲ್ಲಿ ಇವೆಲ್ಲ ಇವೆ: ತಾಯಿ ಬಯಸಿದವರು ಜೊತೆಗಿರಬೇಕು, ಅವಳು ಓಡಾಡಬಹುದು, ಭಂಗಿಯನ್ನು ಆರಿಸಿಕೊಳ್ಳಬಹುದು, ಎಲ್ಲರಿಗೂ ಸಾರಾಸಗಟಾಗಿ ಕೊಯ್ಯಬಾರದು, ಹೊಟ್ಟೆಯನ್ನು ಮೇಲಿನಿಂದ ಒತ್ತಬಾರದು, ಬಳ್ಳಿಯನ್ನು ಕನಿಷ್ಠ ಒಂದು ನಿಮಿಷ ಕತ್ತರಿಸಬಾರದು, ಮೊದಲ ಒಂದು ಗಂಟೆ ಮಗು ತಾಯಿಯ ಮೈಗಂಟಿಕೊಂಡಿರಬೇಕು. ಗರ್ಭಕೋಶದ ಬಾಯಿ ಗಂಟೆಗೆ ಒಂದು ಸೆಂಟಿಮೀಟರ್ ತೆರೆಯಲೇಬೇಕೆಂಬ ಹಳೆಯ ಲೆಕ್ಕ ಎಲ್ಲರಿಗೂ ಹೊಂದುವುದಿಲ್ಲ ಎಂದೂ ಅದರಲ್ಲಿ ಹೇಳಿದೆ. "ಬೇನೆ ಮುಂದುವರಿಯುತ್ತಿಲ್ಲ" ಎಂಬ ಕಾರಣಕ್ಕೆ ಆಗುವ ಸಿಸೇರಿಯನ್‌ಗಳನ್ನು ನೆನೆದರೆ ಇದು ಸಣ್ಣ ಮಾತಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೆಯ ಸುತ್ತಿನ ಪ್ರಕಾರ ಕರ್ನಾಟಕದಲ್ಲಿ ಸಿಸೇರಿಯನ್ ಹೆರಿಗೆಗಳ ಪ್ರಮಾಣ 31.5 ಶೇಕಡಾ, ದೇಶದ ಸರಾಸರಿ 21.5. ಸರ್ಕಾರಿ ಆಸ್ಪತ್ರೆಗಳಲ್ಲಿ ಹೆರಿಗೆಯ ಜೊತೆಗಾತಿಯನ್ನು ಬಿಟ್ಟುಕೊಳ್ಳಬೇಕೆಂದು ಕೇಂದ್ರ ಆರೋಗ್ಯ ಸಚಿವಾಲಯ 2016ರಲ್ಲಿಯೇ ಹೇಳಿದೆ, ಆದರೆ ಬಾಗಿಲಲ್ಲಿ ನಿಂತು ಕೇಳುವವರಿಗೇ ಅದು ಸಿಗುವುದು.

ಪಾವಗಡ ಸೀಮೆಯ ಸೂಲಗಿತ್ತಿ ನರಸಮ್ಮನವರನ್ನು ಇಲ್ಲಿ ನೆನೆಯದೆ ಇರಲಾರೆ. 15,000ಕ್ಕೂ ಹೆಚ್ಚು ಹೆರಿಗೆಗಳನ್ನು ಒಂದು ಕಾಸೂ ಪಡೆಯದೆ ಮಾಡಿಸಿದ ಆ ತಾಯಿಗೆ 2018ರಲ್ಲಿ ಪದ್ಮಶ್ರೀ ಬಂದಿತು, ಅದೇ ವರ್ಷದ ಡಿಸೆಂಬರ್‌ನಲ್ಲಿ ಅವರು ತೀರಿಕೊಂಡರು. ಹಳೆಯ ಕಾಲಕ್ಕೆ ಹಿಂದಿರುಗಬೇಕೆಂದು ನಾನು ಹೇಳುತ್ತಿಲ್ಲ, ಆ ಕಾಲದಲ್ಲಿ ಎಷ್ಟು ತಾಯಂದಿರು ಹೆರಿಗೆಯಲ್ಲಿ ಹೋದರೆಂಬುದನ್ನು ನಮ್ಮ ಮನೆಯ ಹಿರಿಯರೇ ಹೇಳುತ್ತಾರೆ. ಬೇನೆಯ ಹೊತ್ತಿನಲ್ಲಿ ಪಕ್ಕದಲ್ಲಿ ಕದಲದೆ ಕುಳಿತಿರುವ ಒಬ್ಬ ಹೆಂಗಸಿನ ಬೆಲೆ ಏನೆಂಬುದು ನರಸಮ್ಮನವರಿಗೆ ತಿಳಿದಿತ್ತು. ಆಸ್ಪತ್ರೆಯೊಳಗೆ ಆ ಸ್ಥಾನ ಇಂದಿಗೂ ಬಹಳಷ್ಟು ಕಡೆ ಖಾಲಿ ಇದೆ.

ಪ್ರಶ್ನೆ ಕೇಳಿದವರ ಮರುಬರಹ: ಹೇಮಾವತಿ ತೀರ

ಇಷ್ಟು ಸಮಾಧಾನವಾಗಿ ಬರೆದ ಮೂವರಿಗೂ ಹೃತ್ಪೂರ್ವಕ ವಂದನೆಗಳು. ಮನೆಯ ತೊಟ್ಟಿಯ ವಿಚಾರವನ್ನು ಅಂದೇ ಕೈಬಿಟ್ಟೆ. ಅಮ್ಮನಿಗೂ ಇವನ್ನೆಲ್ಲ ಓದಿ ಹೇಳಿದೆ. ಬೆನ್ನಿಗೆ ಬಿಸಿನೀರು ಹೊಯ್ಯುವ ಮಾತು ಬಂದಾಗ ಅವರ ಭಯ ಅರ್ಧ ಇಳಿಯಿತು.

ಎರಡು ಆಸ್ಪತ್ರೆಗಳನ್ನು ನೋಡಿ ಬಂದೆವು. ಒಂದರಲ್ಲಿ ಸುಂದರವಾದ ತೊಟ್ಟಿಯಿದೆ, ನೀರಿನ ಪರೀಕ್ಷೆಯ ದಾಖಲೆಯನ್ನೂ ತೋರಿಸಿದರು. ಆದರೆ ನೀರಿನ ಹೆರಿಗೆಯಲ್ಲಿ ತರಬೇತಿ ಪಡೆದ ಮಿಡ್‌ವೈಫ್ ಹಗಲಿನಲ್ಲಿ ಮಾತ್ರ ಇರುತ್ತಾರೆ, ರಾತ್ರಿ ಕರೆದರೆ ಬರುತ್ತಾರಂತೆ. ಇನ್ನೊಂದರಲ್ಲಿ ತೊಟ್ಟಿಯಿಲ್ಲ, ಶವರ್ ಇದೆ. ಅಮ್ಮನನ್ನೂ ಪತಿಯನ್ನೂ ಸರದಿಯಲ್ಲಿ ಒಳಗೆ ಬಿಡುತ್ತಾರೆ, ಕೊಯ್ಯುವುದು ಅಗತ್ಯವಿದ್ದವರಿಗೆ ಮಾತ್ರ ಎಂದರು, ಮಕ್ಕಳ ವೈದ್ಯರು ಹಗಲಿರುಳೂ ಇರುತ್ತಾರೆ. ಮೊದಲನೆಯದರ ಕಡೆಗೆ ಮನಸ್ಸು ಎಳೆಯುತ್ತಿದೆ. ಹೀಗಿರುವಾಗ ಯಾವುದನ್ನು ಆರಿಸುವುದು ಉಚಿತ?

ಉತ್ತರ: ಕಡಲಾಚೆಯ ಮಿಡ್‌ವೈಫ್

ನನ್ನ ಸ್ವಂತ ತಂಗಿ ಕೇಳಿದ್ದರೂ ಎರಡನೆಯದನ್ನೇ ಹೇಳುತ್ತಿದ್ದೆ. ಬೇನೆ ಬಹಳಷ್ಟು ಮಂದಿಗೆ ರಾತ್ರಿಯೇ ಆರಂಭವಾಗುತ್ತದೆ. ತೊಟ್ಟಿಯ ಪಕ್ಕದಲ್ಲಿ ಎದೆಬಡಿತ ಆಲಿಸುತ್ತ ಕೂರಬೇಕಾದವರು ಮನೆಯಿಂದ ಬರಬೇಕಾಗಿದ್ದರೆ ಆ ತೊಟ್ಟಿ ಆ ರಾತ್ರಿಯ ಮಟ್ಟಿಗೆ ಇಲ್ಲದಂತೆಯೇ. ಅವರು ಬರುವ ಮುನ್ನ ನೀವು ನೀರಿಗಿಳಿಯಬಾರದು, ಯಾರಾದರೂ ಇಳಿಯಿರಿ ಎಂದರೂ ಇಳಿಯಬಾರದು. ಮೊದಲ ಆಸ್ಪತ್ರೆಯವರು ರಾತ್ರಿಯ ಪಾಳಿಯಲ್ಲೂ ತರಬೇತಿ ಪಡೆದವರನ್ನು ಇರಿಸುವುದಾಗಿ ಹೇಳಿದರೆ ನನ್ನ ಉತ್ತರ ಬದಲಾಗುತ್ತದೆ.

ಡಾಕ್ಟರಮ್ಮನವರೇ, ಭಾರತದಲ್ಲಿ 2018ರ ಮಿಡ್‌ವೈಫರಿ ಮಾರ್ಗಸೂಚಿಯಂತೆ ನರ್ಸ್‌ಗಳಿಗೆ ಹದಿನೆಂಟು ತಿಂಗಳ ವಿಶೇಷ ತರಬೇತಿ ಕೊಡಲಾಗುತ್ತಿದೆಯಲ್ಲವೇ? ಇವರು ನೋಡಿದ ಆಸ್ಪತ್ರೆಯ ಮಿಡ್‌ವೈಫ್ ಅಂತಹ ತರಬೇತಿ ಪಡೆದವರೇ ಎಂಬುದನ್ನು ವಿಚಾರಿಸುವುದು ಒಳ್ಳೆಯದು.

ಉತ್ತರ: ಪ್ರಸೂತಿ ವೈದ್ಯೆ, ಮೈಸೂರು

ಹೌದು, ಅದು ಕೇಳಲೇಬೇಕಾದ ಪ್ರಶ್ನೆ. ಡೌಲಾ ಎಂದು ಕರೆಸಿಕೊಳ್ಳುವವರು ಧೈರ್ಯ ಹೇಳುವ ಜೊತೆಗಾತಿಯರು. ಅವರಿಂದ ಬಹಳ ಉಪಕಾರವಿದೆ, ಆದರೆ ಹೆರಿಗೆ ಮಾಡಿಸುವ ಅರ್ಹತೆ ಅವರಿಗಿಲ್ಲ. ಮಿಡ್‌ವೈಫ್ ಎಂದರೆ ನರ್ಸಿಂಗ್ ಕೌನ್ಸಿಲಿನ ನೋಂದಣಿ ಇರಬೇಕು, ಅದನ್ನು ಸಂಕೋಚವಿಲ್ಲದೆ ಕೇಳಿ.

ನಾನೂ ಎರಡನೆಯ ಆಸ್ಪತ್ರೆಯ ಪರವಾಗಿದ್ದೇನೆ. 36ನೆಯ ವಾರದ ತಪಾಸಣೆಗೆ ಹೋದಾಗ ನಿಮ್ಮ ಅಪೇಕ್ಷೆಗಳನ್ನು ಒಂದೇ ಪುಟದಲ್ಲಿ ಕನ್ನಡದಲ್ಲಿ ಬರೆದುಕೊಂಡು ಹೋಗಿ: ಬೇನೆಯಲ್ಲಿ ಓಡಾಟ, ಶವರ್, ಅಮ್ಮ ಜೊತೆಗಿರುವುದು, ಮಲಗದೆ ಹೆರುವುದು, ಬಳ್ಳಿಯನ್ನು ತಡವಾಗಿ ಕತ್ತರಿಸುವುದು, ಮಗುವನ್ನು ಎದೆಯ ಮೇಲೆ ಬಿಡುವುದು. ತುರ್ತಾಗಿ ಸಿಸೇರಿಯನ್ ಬೇಕಾದರೆ ಅಮ್ಮ ಎಲ್ಲಿರಬೇಕು, ಮಗುವನ್ನು ಮೊದಲು ಯಾರ ಎದೆಗೆ ಕೊಡಬೇಕು ಎಂಬುದನ್ನೂ ಅದೇ ಪುಟದಲ್ಲಿ ಬರೆಯಿರಿ. ವೈದ್ಯರೊಂದಿಗೆ ಓದಿ ಚರ್ಚಿಸಿ, ಅವರ ಸಹಿ ಪಡೆದು, ತಾಯಿ ಕಾರ್ಡಿನ ಜೊತೆ ಇಡಿ. ರಾತ್ರಿ ಪಾಳಿಯ ಸಿಸ್ಟರ್ ನಿಮ್ಮನ್ನು ಹಿಂದೆ ನೋಡಿರುವುದಿಲ್ಲ, ಅವರ ಕೈಗೆ ಮೊದಲು ಸಿಗಬೇಕಾದ ಕಾಗದ ಅದೇ.